ಆಂಡಾಳ್ ಅಳಿಸದ ಮೆಟ್ಟಿಲು

ಯಾರು ಏನೇ ಹೇಳಲಿ, ಆಂಡಾಳ್ ಅವರ ಬಾಯಿಂದ ಮೊದಲು ಹೊರಡುತ್ತಿದ್ದ ಮಾತು ಒಂದೇ: “ಮೂಲ ಯಾವ್ದು?” ನಾಳೆ ನಲ್ಲಿಯಲ್ಲಿ ನೀರು ಬರುವುದಿಲ್ಲವೆಂದರೂ, ಎದುರುಮನೆಯ ಹುಡುಗಿಗೆ ಮದುವೆ ಗೊತ್ತಾಯಿತೆಂದರೂ, ಫೋನಿನಲ್ಲಿ ಹರಿದುಬಂದ ಮನೆಮದ್ದೊಂದನ್ನು ಓದಿ ಹೇಳಿದರೂ, ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ, ಹೇಳಿದವರ ಹಣೆಯ ಮೇಲೆಯೇ ಉತ್ತರ ಬರೆದಿರಬಹುದೆಂಬಂತೆ ದಿಟ್ಟಿಸಿ, ಇದನ್ನೇ ಕೇಳುತ್ತಿದ್ದರು. ಋಷಿಮೂಲ ನದೀಮೂಲಗಳನ್ನು ಹುಡುಕಬಾರದೆಂಬ ಗಾದೆಯನ್ನು ನಾನೊಮ್ಮೆ ನೆನಪಿಸಿದೆ. “ಹುಡುಕ್ಬಾರ್ದೂಂತ ಹೇಳಿದೋರ ಮೂಲಾನೇ ಮೊದ್ಲು ಹುಡುಕ್ಬೇಕು ಮೇಷ್ಟ್ರೇ,” ಎಂದರು, ನಗದೆ.

ಎನ್.ಆರ್. ಕಾಲೋನಿಯ ಹಳೆಯ ಮನೆಯೊಂದರ ಮಹಡಿಯಲ್ಲಿದ್ದ ವಾಸ್ತುಶಿಲ್ಪಿಯ ಕಚೇರಿಯಲ್ಲಿ ಅವರು ಮೂವತ್ತೊಂದು ವರ್ಷ ನಕ್ಷೆ ಬರೆದರು. ಸೀರೆಯ ಮೇಲೆ ಮೊಣಕಾಲಿನವರೆಗೆ ಇಳಿಯುವ ಖಾಕಿ ಕೋಟು. ಟ್ರೇಸಿಂಗ್ ಹಾಳೆಯ ಮೇಲೆ ಇಂಕಿನಲ್ಲಿ ಗೆರೆಯೆಳೆದು ಅಮೋನಿಯಾದ ಘಾಟಿನಲ್ಲಿ ಪ್ರತಿ ತೆಗೆಯುತ್ತಿದ್ದ ಕಾಲದಲ್ಲಿ ಸೀರೆಗೆ ಕಲೆ ಹತ್ತದಿರಲೆಂದು ಹೊಲಿಸಿಕೊಂಡದ್ದು. ಇಂಕು ಹೋಯಿತು, ಅಮೋನಿಯಾ ಹೋಯಿತು, ಹಲಗೆಯ ಜಾಗಕ್ಕೆ ಕಂಪ್ಯೂಟರ್ ಬಂದು ಕುಳಿತಿತು. ಕೋಟು ಮಾತ್ರ ಮೈಬಿಟ್ಟು ಇಳಿಯಲಿಲ್ಲ. ನಡಿಗೆಯೂ ಸ್ಕೇಲಿಟ್ಟು ಎಳೆದ ಹಾಗೆ. ಫುಟ್‌ಪಾತಿನ ಕಲ್ಲು ಕಿತ್ತುಹೋಗಿದ್ದರೆ ನಾವೆಲ್ಲ ಓರೆಯಾಗಿ ರಸ್ತೆಗಿಳಿದು ಮತ್ತೆ ಹತ್ತಿಕೊಳ್ಳುತ್ತೇವೆ. ಅವರು ಗುಂಡಿಯ ಅಂಚಿನಲ್ಲಿ ಅರೆಕ್ಷಣ ನಿಂತು, ಅದರ ಅಗಲವನ್ನು ಕಣ್ಣಿನಲ್ಲೇ ಅಳೆದು, ನೇರವಾಗಿ ದಾಟುತ್ತಿದ್ದರು.

ನನಗೆ ಅವರ ಪರಿಚಯವಾದದ್ದು ಚಾಮರಾಜಪೇಟೆಯ ನಮ್ಮ ವಿದ್ಯಾರ್ಥಿನಿ ನಿಲಯದ ದೆಸೆಯಿಂದ. ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದ ಮೇಲೆ ಅದರ ಕಾರ್ಯದರ್ಶಿತನ ನನ್ನ ಹೆಗಲೇರಿತ್ತು. ಹಳೆಯ ಕಟ್ಟಡದ ಪಕ್ಕದ ಖಾಲಿ ಜಾಗದಲ್ಲಿ, ನೆಲಮಹಡಿಯ ಮೇಲೆ ಮೂರು ಮಹಡಿಗಳ ಹೊಸ ನಿಲಯ ಕಟ್ಟುವುದೆಂದು ನಿಶ್ಚಯವಾದಾಗ, ನಕ್ಷೆ ನೋಡುವ ನೆಪದಲ್ಲಿ ವಾರಕ್ಕೊಮ್ಮೆ ಆ ಕಚೇರಿಯ ಮೆಟ್ಟಿಲು ಹತ್ತುತ್ತಿದ್ದೆ. ಅವರ ಕೆಲಸದ ರೀತಿಯನ್ನು ಅವರೇ ನನಗೆ ತಿಳಿಸಿಕೊಟ್ಟರು. ಕಟ್ಟಡದ ಮೂಲನಕ್ಷೆ ಒಂದೇ ಒಂದು ಫೈಲಿನಲ್ಲಿರುತ್ತದೆ. ಕಂಬ ತೊಲೆಗಳದೊಂದು ಹಾಳೆ, ವಿದ್ಯುತ್ತಿನದೊಂದು, ನೀರಿನ ಪೈಪುಗಳದೊಂದು, ಹೀಗೆ ಮಿಕ್ಕವೆಲ್ಲ ಬೇರೆ ಬೇರೆ ಫೈಲುಗಳು. ಅವುಗಳಲ್ಲಿ ಗೋಡೆ ಬಾಗಿಲುಗಳನ್ನು ಮತ್ತೆ ಬರೆಯುವುದಿಲ್ಲ. ಮೂಲಕ್ಕೆ ಕೊಂಡಿ ಹಾಕಿ, ಅದು ಅಡಿಯಲ್ಲಿ ಕಾಣುವಂತೆ ಮಾಡಿ, ಅದರ ಮೇಲೆ ತಮ್ಮ ತಮ್ಮ ಗೆರೆ ಎಳೆದುಕೊಳ್ಳುತ್ತಾರೆ. ಎಕ್ಸ್‌ರೆಫ್ ಎಂಬುದು ಅದಕ್ಕೆ ಕಚೇರಿಯ ಹೆಸರು. ಮೂಲದಲ್ಲಿ ಗೋಡೆ ಸರಿದರೆ ಎಲ್ಲ ಹಾಳೆಗಳಲ್ಲೂ ಸರಿಯುತ್ತದೆ. “ಗೋಡೇನ ನಾನು ಒಂದೇ ಸಲ ಬರೆಯೋದು ಮೇಷ್ಟ್ರೇ. ಮಿಕ್ಕೋರೆಲ್ಲ ಅದನ್ನ ನೋಡ್ಕೊಂಡು ಬದುಕ್ಬೇಕು.”

ಈ ನಿಷ್ಠೆಯ ಹಿಂದೆ ಒಂದು ಗಾಯವಿತ್ತು. ಬಹಳ ವರ್ಷಗಳ ಹಿಂದೆ ಶೇಷಾದ್ರಿಪುರದ ಒಂದು ಮನೆಯ ಕೆಲಸದಲ್ಲಿ, ಅವಸರಕ್ಕೆ, ಕೊಂಡಿ ಹಾಕದೆ ಮೂಲವನ್ನೇ ನಕಲು ಮಾಡಿ ಪೈಪಿನ ಹಾಳೆಗೆ ಅಂಟಿಸಿದ್ದರು. ಮರುವಾರ ಮನೆಯವರು ಬಚ್ಚಲನ್ನು ಇನ್ನೊಂದು ಮೂಲೆಗೆ ಸರಿಸಿದರು; ಮೂಲ ಬದಲಾಯಿತು, ನಕಲಿಗೆ ಸುದ್ದಿಯೇ ಮುಟ್ಟಲಿಲ್ಲ. ಮೇಸ್ತ್ರಿ ಹಳೆಯ ಜಾಗದಲ್ಲೇ, ಪೈಪುಗಳು ಇಳಿಯಲೆಂದು, ತಾರಸಿಯಲ್ಲಿ ಆಳು ತೂರುವಷ್ಟು ತೂತು ಬಿಟ್ಟ. ಅದರ ಮೇಲೆ ಹಾಸಿದ್ದ ತೆಳು ಹಲಗೆಯನ್ನು ನಂಬಿ ಕಾಲಿಟ್ಟ ಮುನಿಯಮ್ಮ ಎಂಬ ಕೂಲಿಯಾಕೆ, ತಲೆಯ ಮೇಲಿನ ಜಲ್ಲಿಯ ಬಾಂಡಲಿಯ ಸಮೇತ ಕೆಳಗೆ ಬಿದ್ದು ಸೊಂಟ ಮುರಿದುಕೊಂಡಳು. ಕಚೇರಿ ಮೇಸ್ತ್ರಿಯ ಮೇಲೆ ಬೆರಳು ತೋರಿಸಿತು. ಆಂಡಾಳ್ ಯಾರನ್ನೂ ಕೇಳದೆ ಮನೆಯ ಮಾಲೀಕರಿಗೆ ಪತ್ರ ಬರೆದರು: ತಪ್ಪು ನನ್ನದು, ಮೇಸ್ತ್ರಿಯದಲ್ಲ. ಇದನ್ನು ನನಗೆ ಹೇಳುವಾಗ ಅವರ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. “ಅವನು ನನ್ನ ಹಾಳೆ ನಂಬ್ದ. ಹಾಳೆ ಸುಳ್ಳು ಹೇಳ್ತು. ಅಷ್ಟೇ.”

ಹಿರಿಯ ವಾಸ್ತುಶಿಲ್ಪಿ ತೀರಿಕೊಂಡು ಮಗ ಅಭಿರಾಮ ಕಚೇರಿಯ ಯಜಮಾನನಾದ ಹೊಸದರಲ್ಲಿ, ಅಚ್ಚುಕಟ್ಟು ಮಾಡುವ ಹುಮ್ಮಸ್ಸಿನಿಂದ ಕಂಪ್ಯೂಟರಿನ ಫೋಲ್ಡರುಗಳನ್ನೆಲ್ಲ ಎತ್ತಿ ಹೊಸ ಜಾಗಗಳಲ್ಲಿ ಜೋಡಿಸಿದ. ಬೆಳಿಗ್ಗೆ ಯಾವ ಹಾಳೆ ತೆರೆದರೂ ಒಳಗೆ ಬಯಲು. ಮನೆಯಿರಬೇಕಾದ ಕಡೆ, ಕಾಣೆಯಾದ ಫೈಲಿನ ಉದ್ದನೆಯ ವಿಳಾಸವೊಂದೇ ಅಕ್ಷರದ ಸಾಲಾಗಿ ಬಿದ್ದಿತ್ತು. ಆಂಡಾಳ್ ಅವನ ಕುರ್ಚಿಯ ಹಿಂದೆ ನಿಂತು, ಒಂದೊಂದನ್ನೂ ಅವನ ಕೈಯಿಂದಲೇ ಸ್ವಸ್ಥಾನಕ್ಕೆ ಸೇರಿಸಿದರು. “ಮನೆ ಬದಲಾಯಿಸೋರು ಹೇಳಿ ಹೋಗ್ಬೇಕಪ್ಪ,” ಎಂದರಂತೆ. ಆ ‘ಅಪ್ಪ’ ಅವನಿಗೆ ಬಹಳ ದಿನ ಚುಚ್ಚಿತು.

ನಮ್ಮ ನಿಲಯದ ನಕ್ಷೆಗೆ ಮಂಜೂರಾತಿ ಸಿಕ್ಕಿ ಅಡಿಪಾಯ ಮೇಲೆದ್ದಾಗ ನಿಜವಾದ ಪರೀಕ್ಷೆ ಬಂತು. ಮಂಜೂರಾದ ನಕ್ಷೆಯಲ್ಲಿ ಎರಡು ಮೆಟ್ಟಿಲು: ಮುಂದೊಂದು, ಹಿಂದೊಂದು. ಹಿಂಬದಿಯ ಮೆಟ್ಟಿಲನ್ನೂ ಅದಕ್ಕೆ ಹೋಗುವ ಓಣಿಯನ್ನೂ ತೆಗೆದರೆ ಮಹಡಿಗೆರಡರಂತೆ ಆರು ಕೋಣೆ ಹೆಚ್ಚಾಗುತ್ತವೆಂದು ನಮ್ಮ ಅಧ್ಯಕ್ಷರಾದ ದೊಡ್ಡಬೈರಪ್ಪನವರಿಗೆ ಹೊಳೆಯಿತು. ಅವರದು ದುರಾಸೆಯಲ್ಲ. ಹಳ್ಳಿಯಿಂದ ಬಂದು ಇಲ್ಲಿ ವ್ಯಾಪಾರದಲ್ಲಿ ನೆಲೆಯೂರಿದವರು. ಪ್ರತಿ ಜೂನಿನಲ್ಲಿ, ಟ್ರಂಕು ಹೊತ್ತು ಬಂದ ಹುಡುಗಿಯರಿಗೆ ಜಾಗವಿಲ್ಲವೆಂದು ಹೇಳುವ ಸಂಕಟ ಅವರ ಪಾಲಿನದಾಗಿತ್ತು. ಸಮಿತಿ ಒಪ್ಪಿತು. ನಾನೂ ಒಪ್ಪಿದೆ. ಅಭಿರಾಮ ದಾರಿ ಹೇಳಿದ: ಮಂಜೂರಾದ ಹಾಳೆಗಳು ಹಾಗೆಯೇ ಇರಲಿ, ಮೂಲದ್ದೊಂದು ನಕಲು ತೆಗೆದು, ಅದರಲ್ಲಿ ಮೆಟ್ಟಿಲು ಅಳಿಸಿ, ಸೈಟಿಗೆ ಹೋಗುವ ಹಾಳೆಗಳ ಕೊಂಡಿಯನ್ನು ಆ ನಕಲಿಗೆ ತಿರುಗಿಸಿದರಾಯಿತು.

“ಒಂದು ಕಟ್ಟಡಕ್ಕೆ ಎರಡು ಮೂಲ ಇರಲ್ಲ. ನಾನು ಮಾಡಲ್ಲ,” ಎಂದರು ಆಂಡಾಳ್.

ಅವರನ್ನು ಒಪ್ಪಿಸುವ ಕೆಲಸ ನನಗೆ ಬಿತ್ತು. ಮೇಷ್ಟ್ರ ಮಾತಿಗೆ ಬೆಲೆ ಕೊಡುತ್ತಾರೆಂದು ಎಲ್ಲರ ನಂಬಿಕೆ. ಹೋದೆ. ವ್ಯವಹಾರ, ಹೊಂದಾಣಿಕೆ, ಬಡ ಹುಡುಗಿಯರು ಎಂದೆಲ್ಲ ದಾರಿಯುದ್ದಕ್ಕೂ ಕಟ್ಟಿಕೊಂಡ ವಾಕ್ಯಗಳನ್ನು ಬಿಚ್ಚಿದೆ. ಅವರು ತಡೆಯದೆ ಕೇಳಿ, ನನ್ನ ಕಣ್ಣೆದುರೇ ಮೂಲವನ್ನು ತೆರೆದು ಹಿಂಬದಿಯ ಮೆಟ್ಟಿಲನ್ನೂ ಓಣಿಯನ್ನೂ ಅಳಿಸಿ, ಆ ಜಾಗದಲ್ಲಿ ಹೊಸ ಕೋಣೆಗಳ ಗೋಡೆ ಎಳೆದರು. ಒಪ್ಪಿಬಿಟ್ಟರೆಂದು ಹಿಗ್ಗಿದೆ. ಆಮೇಲೆ ಇನ್ನೊಂದು ಹಾಳೆ ತೆರೆದರು: ಬೆಂಕಿ ಬಿದ್ದರೆ ಹೊರಗೋಡುವ ದಾರಿಯದು. ಅದರಲ್ಲಿ ಪ್ರತಿ ಕೋಣೆಯ ಬಾಗಿಲಿನಿಂದಲೂ ಕೆಂಪು ಬಾಣಗಳು ಹೊರಟಿದ್ದವು. ಮೂಲ ಬದಲಾಗಿದೆಯೆಂದು ಪರದೆಯ ಮೂಲೆಯಲ್ಲಿ ಸೂಚನೆ ಬಂತು. ಅವರು ಅದನ್ನು ಒತ್ತಿದರು. ಬಾಣಗಳಡಿಯಿಂದ ಮೆಟ್ಟಿಲು ಮಾಯವಾಯಿತು. ಬಾಣಗಳು ಮಾತ್ರ ಅಲ್ಲಿಯೇ ಇದ್ದವು, ಓಣಿಯಿದ್ದಲ್ಲಿ ಸಾಲಾಗಿ ಓಡಿ, ಹೊಸ ಕೋಣೆಯ ಗೋಡೆಗೆ ಮೂತಿ ಒತ್ತಿ.

“ಈಗ ಇವನ್ನೂ ಅಳಿಸ್ಬೇಕು. ಅಳಿಸಿ ಅಂತ ಒಂದು ಸಾಲು ಬರ್ಕೊಡಿ ಮೇಷ್ಟ್ರೇ. ನೀವು ಚೆನ್ನಾಗಿ ಬರೀತೀರಿ.”

ಕಾಗದವನ್ನು ನನ್ನ ಕಡೆ ಸರಿಸಿದರು. ನಲವತ್ತು ವರ್ಷ ಮಕ್ಕಳಿಗೆ ಪ್ರಬಂಧ ಬರೆಯಲು ಕಲಿಸಿದ ಕೈ ಮೇಲೇಳಲಿಲ್ಲ. ಅವರು ಅಳಿಸಿದ್ದನ್ನು ಮರಳಿ ತಂದು, ಸೇವ್ ಮಾಡಿ, ನನಗೆ ಕಾಫಿ ತರಿಸಿದರು.

ನಾನು ಸಮಿತಿಗೆ ಏನು ಹೇಳಿದೆನೆಂದು ಕೇಳಬೇಡಿ; ಏನೋ ಗೊಣಗಿದೆ. ಬೇರೆ ಯಾರಿಂದಲಾದರೂ ಮಾಡಿಸುತ್ತೇನೆಂದು ಅಭಿರಾಮ ಭರವಸೆ ಕೊಟ್ಟ. ಮುಂದಿನ ಭಾನುವಾರ ಬೆಳಿಗ್ಗೆ ಹಳೆಯ ಕಟ್ಟಡದ ಹಜಾರದಲ್ಲಿ ಸಭೆ ಸೇರಿದ್ದೆವು; ಅಭಿರಾಮನೂ ಬಂದಿದ್ದ. ಖಾಕಿ ಕೋಟು ಬಾಗಿಲಲ್ಲಿ ಕಾಣಿಸಿತು.

“ನನ್ನನ್ನ ಯಾರೂ ಕರೆದಿಲ್ಲ. ಆದ್ರೂ ಬಂದಿದೀನಿ,” ಎಂದು ಆಂಡಾಳ್ ಎರಡು ದೊಡ್ಡ ಹಾಳೆಗಳನ್ನು ಮೇಜಿನ ಮೇಲೆ ಬಿಡಿಸಿದರು. ಒಂದರಲ್ಲಿ ಮೆಟ್ಟಿಲಿತ್ತು. ಇನ್ನೊಂದರಲ್ಲಿ ಬಾಣಗಳು ಗೋಡೆಗೆ ಹೋಗಿ ನಿಂತಿದ್ದವು.

ದೊಡ್ಡಬೈರಪ್ಪನವರ ಮುಖ ಕೆಂಪಾಯಿತು. “ತಾಯಿ, ಊರಿಂದ ಬಂದ ಹುಡ್ಗೀರನ್ನ ಬಾಗ್ಲಲ್ಲಿ ನಿಲ್ಸಿ ವಾಪಸ್ ಕಳ್ಸೋನು ನಾನು. ನೀವಲ್ಲ. ಹದಿನೆಂಟು ಮಕ್ಳಿಗೆ ಜಾಗ ಆಗತ್ತೆ.”

“ಹದಿನೆಂಟು ಮಕ್ಳಿಗೆ ಜಾಗ ಮಾಡೋಕೆ ನೂರಿಪ್ಪತ್ತು ಮಕ್ಳ ದಾರಿ ಮುಚ್ತೀರಾ?”

“ಬೆಂಕಿ ಬಿದ್ದೇ ಬೀಳತ್ತೆ ಅನ್ನೋದಕ್ಕೆ ಮೂಲ ಯಾವ್ದು ಮೇಡಂ?” ಎಂದು ಅಭಿರಾಮ, ಅವರದೇ ಮಾತನ್ನು ಅವರಿಗೇ ಎಸೆದು ಸಣ್ಣಗೆ ನಕ್ಕ.

“ಅಡುಗೆಮನೆ,” ಎಂದರು ಆಂಡಾಳ್, ಹಾಳೆಯ ಮೇಲೆ ಬೆರಳಿಟ್ಟು. “ನೆಲಮಹಡೀಲಿ, ಮುಂದಿನ ಮೆಟ್ಟಿಲಿಗೆ ಅಂಟ್ಕೊಂಡೇ ಇದೆ. ನೀವೇ ಕೂರ್ಸಿದ್ದು.”

ನಗು ನಿಂತಿತು. ಆಮೇಲೆ ಅವರು ಕೋಟಿನ ಜೇಬಿನಿಂದ ಪೆನ್ನು ತೆಗೆದು ಎರಡನೆಯ ಹಾಳೆಯ ಮೇಲಿಟ್ಟರು. ಹಾಳೆಯ ಬಲಮೂಲೆಯಲ್ಲಿ, ಬರೆದವರು, ಒಪ್ಪಿದವರು ಎಂದು ಎರಡು ಚೌಕಗಳಿದ್ದವು. “ಬರೆದೋರು ಅನ್ನೋ ಕಡೆ ನನ್ನ ಹೆಸರಿಲ್ಲ, ಬರೋದೂ ಇಲ್ಲ. ಒಪ್ಪಿದೋರು ಅನ್ನೋ ಕಡೆ ಯಾರು ಹಾಕ್ತೀರೋ ಹಾಕಿ.”

ಪೆನ್ನು ಕೈಯಿಂದ ಕೈಗೆ ಹೋಗಲಿಲ್ಲ, ಇಟ್ಟಲ್ಲೇ ಇತ್ತು. ಬೇಡವೆಂದವರಲ್ಲಿ ನಾನು ಮೊದಲಿಗನಾಗಿದ್ದೆನೆಂದು ಬರೆದುಕೊಳ್ಳುವ ಆಸೆಯಿದೆ, ಆಗಿರಲಿಲ್ಲ. ಖಜಾಂಚಿಯಾಗಿದ್ದ ಜಾನಕಮ್ಮನವರು ಹಾಳೆಯನ್ನು ಅಂಗೈಯಿಂದ ಆಚೆ ತಳ್ಳಿ, “ನನ್ನ ಹೆಸ್ರು ಬೇಡಪ್ಪ,” ಎಂದರು. ಅನಂತರ ನಾನು, ನನ್ನದೂ ಬೇಡ ಎಂದೆ. ದೊಡ್ಡಬೈರಪ್ಪನವರು ಆ ಬಾಣಗಳನ್ನು ತುಂಬ ಹೊತ್ತು ನೋಡುತ್ತಿದ್ದು, ಯಾರ ಮುಖವನ್ನೂ ನೋಡದೆ, “ಇರ್ಲಿ ಬಿಡಿ. ಮೆಟ್ಟಿಲು ಇರ್ಲಿ,” ಎಂದು ಎದ್ದು ಹೊರಟರು.

ಬಾಗಿಲ ಬಳಿ ಅಭಿರಾಮ ಆಂಡಾಳ್ ಅವರನ್ನು ತಡೆದು ನಿಲ್ಲಿಸಿದ. ತನ್ನನ್ನು ದಾಟಿ ಕೆಲಸ ಕೊಟ್ಟವರ ಮುಂದೆ ಹೋದದ್ದನ್ನು ಅವನು ಕ್ಷಮಿಸುವಂತಿರಲಿಲ್ಲ. “ನಾಳೆಯಿಂದ ಬರೋದು ಬೇಡ ಮೇಡಂ.”

“ಹಾಳೆಗಳು ಮುಗಿಯೋವರ್ಗೂ ಬರ್ತೀನಿ. ಆಮೇಲೆ ನೀವು ಹೇಳೋದೇನೂ ಬೇಡ, ನಾನೇ ಬರಲ್ಲ.”

ಹಾಗೆಯೇ ಮಾಡಿದರು. ಹಾಳೆಗಳು ಮುಗಿಯಲೇಬೇಕಿದ್ದರಿಂದ ಅಭಿರಾಮನೂ ತಡೆಯಲಿಲ್ಲ. ಎರಡು ತಿಂಗಳು, ತಮ್ಮೊಡನೆ ಯಾರೂ ಮಾತಾಡದ ಆ ಕೋಣೆಗೆ ದಿನವೂ ಒಂಬತ್ತೂವರೆಗೆ ಬಂದು, ಹಿಂಬದಿಯ ಮೆಟ್ಟಿಲಿನ ಕಟ್ಟಕಡೆಯ ಕಂಬಿಯ ವಿವರದವರೆಗೂ ಬರೆದು, ಪ್ರತಿಯೊಂದು ಕೊಂಡಿಯನ್ನೂ ಪರೀಕ್ಷಿಸಿ, ಡೆಸ್ಕು ಒರೆಸಿಟ್ಟು ಹೊರಟರು. ಈಗ ಮಲ್ಲೇಶ್ವರದ ಒಬ್ಬ ಎಂಜಿನಿಯರರ ಬಳಿ ಕೆಲಸ. ಅಲ್ಲಿಯೂ ಮೊದಲ ದಿನವೇ ಜಗಳವಾಯಿತಂತೆ.

ನಿಲಯ ತುಂಬಿದೆ. ಹಿಂಬದಿಯ ಮೆಟ್ಟಿಲಿನ ಮೇಲೆ ಹುಡುಗಿಯರು ಪರೀಕ್ಷೆಗೆ ಓದುತ್ತಾರೆ, ಕೂದಲು ಒಣಗಿಸಿಕೊಳ್ಳುತ್ತಾರೆ, ಮನೆಯವರಿಗೆ ಕೇಳಿಸಬಾರದ ಫೋನು ಮಾತುಗಳನ್ನು ಆಡುತ್ತಾರೆ. ಬೆಂಕಿ ಬಿದ್ದಿಲ್ಲ. ಪ್ರತಿ ಜೂನಿನಲ್ಲಿ, ಜಾಗ ಸಿಗದ ಹುಡುಗಿ ಗೇಟಿನ ಹೊರಗೆ ಅಳುವಾಗ, ದೊಡ್ಡಬೈರಪ್ಪನವರು ನನ್ನ ಕಡೆ ತಿರುಗಿ, “ನಿಮ್ಮ ಆಂಡಾಳಮ್ಮನಿಗೆ ಹೇಳಿ,” ಎನ್ನುತ್ತಾರೆ. ಒಮ್ಮೆ ನಿಜಕ್ಕೂ ಹೇಳಿದೆ. ಈ ಸಲ ಅವರು ಮೂಲ ಕೇಳಲಿಲ್ಲ. “ಆ ಹದಿನೆಂಟು ಜನ ನನ್ನ ತಲೆ ಮೇಲೇ ಇರ್ಲಿ. ಹೊತ್ಕೋತೀನಿ. ಮೆಟ್ಟಿಲು ಮಾತ್ರ ಅಳಿಸ್ತಿರ್ಲಿಲ್ಲ.”

ಇಂಥವರನ್ನು ನಾವು ಹಠಮಾರಿಗಳೆಂದು ಕರೆದು ಹಗುರಾಗುತ್ತೇವೆ. ಇವರು ಬಾವುಟ ಹಿಡಿಯುವುದಿಲ್ಲ, ಭಾಷಣ ಮಾಡುವುದಿಲ್ಲ. ಅಧಿಕಾರವೆಂಬುದು ಇವರಿಗೆ ದಕ್ಕಿದ್ದೂ ಇಲ್ಲ. ಆದರೂ ಜಗತ್ತಿನ ಪ್ರತಿ ಅನ್ಯಾಯವೂ ಜಾರಿಗೆ ಬರಲು ಯಾರದೋ ಒಂದು ಕೈ ಬೇಕು: ಬರೆಯುವ ಕೈ, ಅಳಿಸುವ ಕೈ, ಮೊಹರು ಒತ್ತುವ ಕೈ. ತಮ್ಮ ಕೈ ತಮ್ಮದೆಂಬುದನ್ನು ಮರೆಯದಿರುವುದೇ ಈ ಕುಲದವರ ಸಾಧನೆ. ನನ್ನಂಥ ಸಭ್ಯರು ಒಳ್ಳೆಯವರಾಗುವುದಕ್ಕೂ ಯಾರಾದರೂ ಮೊದಲು ಎದ್ದು ನಿಲ್ಲಲೆಂದು ಕಾಯುತ್ತೇವೆ. ಇವರು ಎದ್ದು ನಿಂತಮೇಲೆ ಹಿಂದೆ ಯಾರಿದ್ದಾರೆಂದು ತಿರುಗಿಯೂ ನೋಡುವುದಿಲ್ಲ. ಇವರೊಡನೆ ಕೆಲಸ ಮಾಡುವುದು ಕಷ್ಟ, ಸ್ನೇಹ ಇನ್ನೂ ಕಷ್ಟ. ಆದರೆ ನನ್ನ ಮೊಮ್ಮಗಳು ಮಲಗುವ ಕಟ್ಟಡದ ನಕ್ಷೆಯನ್ನು ಯಾರು ಬರೆಯಲಿ ಎಂದು ಯಾರಾದರೂ ಕೇಳಿದರೆ, ಕಷ್ಟದವರೇ ಬರೆಯಲಿ ಎನ್ನುತ್ತೇನೆ.