ಕಂಡಕ್ಟರಮ್ಮನ ಮೊಮ್ಮಗಳ ಕೌದಿ

ಟೈಪಿಸ್ಟ್ ಹೊಲಿದರೆ ಹೊಲಿಗೆ ಗೆರೆ ಎಳೆದ ಹಾಗಿರುತ್ತಿತ್ತು. ಮೂವತ್ತೊಂದು ವರ್ಷ ಕಚೇರಿಯಲ್ಲಿ ತಪ್ಪಿಲ್ಲದೆ ಕೀಲಿ ಕುಟ್ಟಿದ ಬೆರಳುಗಳು ಅವು. ಆದರೆ ಬಣ್ಣ ಆರಿಸುವುದಕ್ಕೆ ಬಂದರೆ ಅವಳಿಗೆ ಕೈಕಾಲೇ ಆಡುತ್ತಿರಲಿಲ್ಲ. ಅದಕ್ಕೆ ಕಂಡಕ್ಟರಮ್ಮನೇ ಬೇಕು. ನಿವೃತ್ತಿಯಾಗುವ ತನಕ ಬಸ್ಸಿನಲ್ಲಿ ಟಿಕೆಟ್ ಹರಿದ ಈ ಗೆಳತಿಯ ಹೊಲಿಗೆ ಹಾವು ಹರಿದ ಹಾಗೆ ಹೋಗುತ್ತಿತ್ತು, ನಿಜ. ಆದರೆ ಅವಳು ತುಂಡುಬಟ್ಟೆಯ ರಾಶಿಗೆ ಕೈ ಹಾಕಿದರೆ ಒಂದಕ್ಕೊಂದು ಹೇಳಿ ಮಾಡಿಸಿದಂಥ ಬಣ್ಣಗಳೇ ಮೇಲೆ ಬರುತ್ತಿದ್ದವು.

ಪ್ರತಿ ಶನಿವಾರ ಇಬ್ಬರೂ ಕಟ್‌ಪೀಸ್ ಅಂಗಡಿಗೆ ಹೋಗುತ್ತಿದ್ದರು. ಹನ್ನೊಂದು ಮೆಟ್ಟಿಲು ಇಳಿದರೆ ನೆಲಮಾಳಿಗೆ, ಗಂಜಿ ಹಾಕಿದ ಹೊಸ ಬಟ್ಟೆಯ ವಾಸನೆ, ಗೋಡೆಯುದ್ದಕ್ಕೂ ದರ್ಜಿಗಳು ಕತ್ತರಿಸಿ ಬಿಟ್ಟ ಚೂರುಗಳ ಮೂಟೆಗಳು. ತೂಕಕ್ಕೆ ಮಾರುತ್ತಿದ್ದರು. ಹಾಗೆ ತಂದ ಚೂರುಗಳಿಂದ ಇಬ್ಬರೂ ಹತ್ತು ಹನ್ನೆರಡು ವರ್ಷದಲ್ಲಿ ಎಷ್ಟು ಕೌದಿ ಹೊಲಿದರೋ ಲೆಕ್ಕವಿಲ್ಲ.

ಒಂದು ಶನಿವಾರ ಟೈಪಿಸ್ಟ್ ತಾನೇ ಆರಿಸಬೇಕೆಂದು ಹಟ ಹಿಡಿದಳು. ಬೂದಿ ಬಣ್ಣದ್ದು, ಬಿಸ್ಕತ್ತಿನ ಬಣ್ಣದ್ದು, ಒಂದಿಷ್ಟು ಕಂದು, ಅರ್ಧ ಗಂಟೆ ಕೂತು ಆರಿಸಿದಳು. ಕಂಡಕ್ಟರಮ್ಮ ಅದನ್ನು ನೋಡಿ, ಬಸ್ಸಿನ ಹಿಂದಿನ ಸೀಟಿಗೂ ಮುಟ್ಟುವ ಗಂಟಲಿನಲ್ಲಿ, "ಇದೇನೇ, ಕೌದಿ ಹೊಲೀತೀಯೋ, ಕಚೇರಿ ಫೈಲಿಗೆ ಹೊದಿಕೆ ಹೊಲೀತೀಯೋ?" ಎಂದಳು. ಅಂಗಡಿಯವನು ನಕ್ಕ. ಅಷ್ಟಕ್ಕೇ ಬಿಡಬಹುದಿತ್ತು. "ಇವಳಿಗೆ ಮದುವೆ ಯಾಕೆ ಆಗಲಿಲ್ಲ ಅಂತ ಈಗ ಗೊತ್ತಾಯ್ತು ನೋಡಿ. ಗಂಡನ್ನೂ ಹೀಗೇ ಆರಿಸೋಕೆ ಹೋಗಿದ್ಲು."

ಮೂಟೆಗಳ ಸುತ್ತ ಕೂತಿದ್ದ ಹೆಂಗಸರೆಲ್ಲ ನಕ್ಕರು. ಟೈಪಿಸ್ಟ್ ಕೂಡ ನಕ್ಕಳು. ಆರಿಸಿದ್ದನ್ನೆಲ್ಲ ಮೂಟೆಗೆ ವಾಪಸು ತುಂಬಿದಳು. ಕಂಡಕ್ಟರಮ್ಮ ಆ ಮಾತನ್ನು ಮೆಟ್ಟಿಲು ಹತ್ತುವಷ್ಟರಲ್ಲಿ ಮರೆತಳು. ಇವಳು ಮರೆಯಲಿಲ್ಲ.

ಎರಡು ವರ್ಷ ಕಳೆದ ಮೇಲೆ ಕಂಡಕ್ಟರಮ್ಮನ ಕಣ್ಣಿಗೆ ಪೊರೆ ಬಂತು. ಲೋಕವೆಲ್ಲ ಕದಡಿದ ನೀರಿನೊಳಗೆ ಮುಳುಗಿದ ಹಾಗೆ ಕಾಣತೊಡಗಿತು. ಬಿಸಿಲಿನ ನೆಪ ಹೇಳಿ ಕಪ್ಪು ಕನ್ನಡಕ ಹಾಕಿಕೊಂಡು ಓಡಾಡಿದಳು. ಆಪರೇಷನ್ ಅಂದರೆ ಜೀವ ಹೋಗುವಷ್ಟು ಭಯ. ಹೇಳಿಕೊಂಡದ್ದು ಟೈಪಿಸ್ಟ್ ಒಬ್ಬಳ ಹತ್ತಿರ.

"ಯಾರ ಹತ್ರಾನೂ ಬಾಯಿ ಬಿಡಬೇಡ ಕಣೇ. ಕುರುಡಿ ಅಂತ ಒಂದು ಸಲ ಅನ್ನಿಸ್ಕೊಂಡ್ರೆ ಮುಗೀತು. ಬಣ್ಣ ನೀನು ಹೇಳು, ಜೋಡಿಸೋದು ನಾನು ಜೋಡಿಸ್ತೀನಿ."

ಅದೇ ಹೊತ್ತಿಗೆ ಅವಳ ಮಗಳಿಂದ ಫೋನ್ ಬಂದಿತ್ತು. ತಾಯಿ ಬೇಡವೆಂದವನನ್ನೇ ಮದುವೆಯಾಗಿ ಹೋದ ಮಗಳು. ನಾಲ್ಕು ವರ್ಷ ಮಾತಿರಲಿಲ್ಲ. ಈಗ ಹೆಣ್ಣು ಮಗುವಾಗಿದೆ, ಮೂರು ತಿಂಗಳು ತುಂಬಿದ ಮೇಲೆ ಕರೆದುಕೊಂಡು ಬರುತ್ತೇನೆ ಎಂದಿದ್ದಳು. ಕಂಡಕ್ಟರಮ್ಮ ನೆಲದ ಮೇಲೆ ನಿಲ್ಲಲಿಲ್ಲ. ಮೊಮ್ಮಗಳಿಗೆ ಕೌದಿ ಹೊಲಿಯಬೇಕು. ಹಳದಿ, ಗುಲಾಬಿ, ಗಿಳಿಹಸಿರು, ನೋಡಿದವರು ಮೂಗಿನ ಮೇಲೆ ಬೆರಳಿಡಬೇಕು.

ಅಂಗಡಿಯಲ್ಲಿ ಅವಳು ಒಂದು ಚೂರನ್ನು ಎತ್ತಿ, ಬೇರೆಯವರಿಗೆ ಕೇಳದಂತೆ, "ಇದು ಹಳದಿ ಅಲ್ವಾ?" ಎಂದಳು. ಬೂದಿ ಬಣ್ಣದ್ದು. ಟೈಪಿಸ್ಟಳ ಬಾಯಿಗೆ ಬಂದದ್ದು 'ಅಲ್ಲ' ಎಂದೇ. ಹೇಳಿದ್ದು ಮಾತ್ರ, "ಹೂಂ, ಒಳ್ಳೆ ಹಳದಿ."

ಏನೂ ಆಗಲಿಲ್ಲ. ಕಂಡಕ್ಟರಮ್ಮ ಆ ಚೂರನ್ನು ಜೋಪಾನವಾಗಿ ಚೀಲಕ್ಕೆ ಹಾಕಿಕೊಂಡಳು. ಮುಂದಿನದು ಸಲೀಸಾಯಿತು. ಸಗಣಿ ಬಣ್ಣದ್ದು ಗುಲಾಬಿಯಾಯಿತು, ಮಸಿಯಂಥದ್ದು ಕಡುಹಸಿರಾಯಿತು.

ಅಂಗಡಿಯವನು ತೂಗುವಾಗ, "ಏನಮ್ಮಾ, ಈ ಸಲ ಎಲ್ಲಾ ಮಂಕೇ ಇದೆ?" ಎಂದು ಕೇಳಿದ. ಕಂಡಕ್ಟರಮ್ಮ ಅಷ್ಟರಲ್ಲಿ ಗೋಡೆ ಹಿಡಿದುಕೊಂಡು ಮೆಟ್ಟಿಲು ಹತ್ತಿದ್ದಳು. "ನನಗೆ ಕಣಪ್ಪ," ಎಂದಳು ಟೈಪಿಸ್ಟ್.

ಎರಡು ತಿಂಗಳು ಕಂಡಕ್ಟರಮ್ಮ ಒಬ್ಬಳೇ ಕಿಟಕಿಯ ಪಕ್ಕ ಕೂತು ಹೊಲಿದಳು. ಸೂಜಿಗೆ ದಾರ ಪೋಣಿಸಿಕೊಡಲು ಟೈಪಿಸ್ಟ್ ದಿನವೂ ಹೋಗುತ್ತಿದ್ದಳು. ಹೇಳಿಬಿಡೋಣ ಎಂದು ಒಂದೆರಡು ಸಲ ಅನ್ನಿಸಿತು. ಒಂದು ದಿನ ಬಾಯಿ ತೆರೆದೂ ಇದ್ದಳು. ಅಷ್ಟರಲ್ಲಿ ಕಂಡಕ್ಟರಮ್ಮ ಕೌದಿ ಸವರುತ್ತಾ, "ನಿನ್ನ ಕೈಗೆ ಬಿಟ್ಟಿದ್ರೆ ಮಗೂಗೆ ಗೋಣಿಚೀಲ ಹೊದಿಸ್ತಿದ್ದೆ ನೀನು," ಎಂದು ಕಿಲಕಿಲ ನಕ್ಕಳು. ಟೈಪಿಸ್ಟ್ ದಾರ ಕಚ್ಚಿ ತುಂಡು ಮಾಡಿ ಮನೆಗೆ ಹೋದಳು.

ಮಗಳು ಬಂದ ದಿನ ಟೈಪಿಸ್ಟ್ ಅಲ್ಲೇ ಇದ್ದಳು. ಮಗಳು ಆಟೋದಿಂದ ಇಳಿಯುತ್ತಿದ್ದಾಗಲೇ ಕಂಡಕ್ಟರಮ್ಮ ಪಿಸುದನಿಯಲ್ಲಿ ಕೇಳಿದಳು, "ಏನು ಉಟ್ಟಿದಾಳೆ?" "ನೀಲಿ ಸೀರೆ." ಅದನ್ನು ಮಾತ್ರ ಟೈಪಿಸ್ಟ್ ನಿಜವೇ ಹೇಳಿದಳು.

"ನೀಲಿ ನಿನಗೆ ಎಷ್ಟು ಚೆನ್ನಾಗಿ ಒಪ್ಪುತ್ತೆ ಮಗಳೇ," ಎಂದು ತಾಯಿ ಕೈ ಚಾಚಿದಳು. ಮಗಳ ಕಣ್ಣು ತುಂಬಿತು. ಮಗುವನ್ನು ಅಜ್ಜಿಯ ಮಡಿಲಿಗೆ ಹಾಕಿದಳು. ಅರ್ಧ ಗಂಟೆ ಎಲ್ಲವೂ ಚೆನ್ನಾಗಿಯೇ ಇತ್ತು.

ಆಮೇಲೆ ಕಂಡಕ್ಟರಮ್ಮ ಕೌದಿಯನ್ನು ತಂದು ಹಾಸಿಗೆಯ ಮೇಲೆ ಹರಡಿದಳು. ಕಪ್ಪು, ಬೂದಿ, ಕೊಳೆತ ಎಲೆಯ ಬಣ್ಣ.

"ಅಮ್ಮ, ಏನಿದು?"

"ನಿನ್ನ ಮಗಳಿಗೆ. ಒಂದೊಂದು ಬಣ್ಣಾನೂ ನಾನೇ ಆರಿಸಿದ್ದು, ಅವಳಿಗೆ ಹೊಂದೋ ಹಾಗೆ."

"ಹೊಂದೋ ಹಾಗೆ," ಎಂದಳು ಮಗಳು. "ಹೆಣದ ಮೇಲೆ ಹಾಕೋ ಬಟ್ಟೆ ಇದಕ್ಕಿಂತ ಚೆನ್ನಾಗಿರುತ್ತೆ. ನಾಲ್ಕು ವರ್ಷ ಆದ್ರೂ ನಿನ್ನ ಹೊಟ್ಟೆಯೊಳಗಿನ ವಿಷ ಇಳೀಲಿಲ್ಲ ಅಲ್ವಾ? ನನ್ನನ್ನ ಏನಾದ್ರೂ ಅನ್ನು, ಈ ಕೂಸು ಏನು ಮಾಡಿತ್ತು?"

ಕಂಡಕ್ಟರಮ್ಮ ಕೌದಿಯ ಮೇಲೆ ಬಾಗಿ, ಮೂಗು ತಾಗುವಷ್ಟು ಹತ್ತಿರದಿಂದ ನೋಡಿದಳು. ತಿರುಗಿ ಟೈಪಿಸ್ಟ್ ಇದ್ದ ಕಡೆ ಮುಖ ಮಾಡಿ, "ಹೇಳೇ, ಇವಳಿಗೆ ಹೇಳು," ಎಂದಳು.

ಮಗಳೂ ಇವಳನ್ನೇ ನೋಡಿದಳು. "ನಾನು ಬೇಡ ಅಂದೆ," ಎಂದಳು ಟೈಪಿಸ್ಟ್. "ಇವಳೇ ಕೇಳಲಿಲ್ಲ."

ಮಗಳು ಮಗುವನ್ನು ಕಿತ್ತುಕೊಂಡ ಹಾಗೆ ಎತ್ತಿಕೊಂಡು ಹೊರಟಳು. ಕಂಡಕ್ಟರಮ್ಮ ಬಾಗಿಲ ಕಡೆ ಓಡಹೋಗಿ ಸ್ಟೂಲಿಗೆ ಎಡವಿ ಬಿದ್ದಳು. ಎದ್ದು ಕೂರುವಷ್ಟರಲ್ಲಿ ಬೀದಿಯಲ್ಲಿ ಯಾರೂ ಇರಲಿಲ್ಲ.

ಆ ತಿಂಗಳೇ ಅವಳು ಒಬ್ಬಳೇ ಹೋಗಿ ಕಣ್ಣಿನ ಆಪರೇಷನ್ ಮಾಡಿಸಿಕೊಂಡಳು. ಪಟ್ಟಿ ಬಿಚ್ಚಿದ ಮೇಲೆ ಮನೆಗೆ ಬಂದು ಆ ಕೌದಿಯನ್ನು ಬಿಡಿಸಿ ನೋಡಿದಳು. ಮಗಳಿಗೆ ಹದಿನೈದು ದಿನ ಫೋನ್ ಮಾಡಿದಳು. ಮಗಳು ಎತ್ತಲಿಲ್ಲ. ಆಗ ಟೈಪಿಸ್ಟಳ ಮನೆಗೆ ಬಂದಳು. ಜಗಳ ಮಾಡುತ್ತಾಳೆ ಎಂದುಕೊಂಡಿದ್ದರೆ, ಕುರ್ಚಿಯ ತುದಿಯಲ್ಲಿ ಕೂತು ಕೈ ಜೋಡಿಸಿದಳು.

"ನನ್ನ ಯಾವ ಮಾತು ನಾಟಿತ್ತೋ ನಿನಗೆ, ನನಗೆ ಗೊತ್ತಿಲ್ಲ. ತಪ್ಪಾಯ್ತು. ನಿನ್ನ ಫೋನಿಂದ ಅವಳಿಗೆ ನಿಜ ಹೇಳು, ಸಾಕು."

ಆ ಗಂಟಲಿನಿಂದ ಇಷ್ಟು ಸಣ್ಣ ದನಿ ಬರುವುದನ್ನು ಟೈಪಿಸ್ಟ್ ಕೇಳಿಯೇ ಇರಲಿಲ್ಲ. ಫೋನ್ ಮಾಡಿದಳು. ಸ್ಪೀಕರ್ ಹಾಕಿದಳು. ಅಮ್ಮನಿಗೆ ಪೊರೆ ಬಂದಿತ್ತು, ಬಣ್ಣ ಕಾಣುತ್ತಿರಲಿಲ್ಲ, ನಾನೇ ಸುಳ್ಳು ಹೇಳಿದೆ ಎಂದು ಒಂದಕ್ಷರ ಬಿಡದೆ ಹೇಳಿದಳು.

ಮಗಳು ಪೂರ್ತಿ ಕೇಳಿಸಿಕೊಂಡಳು. "ಆಂಟಿ, ಆಟೋ ಇಳಿದ ತಕ್ಷಣ ನನ್ನ ಸೀರೆ ನೀಲಿ ಅಂತ ಅವಳೇ ಹೇಳಿದ್ಲು. ಬಣ್ಣ ಕಾಣದವಳಾ ಅವಳು? ತಪ್ಪು ಹೊರೋಕೆ ನಿಮ್ಮನ್ನ ಬೇರೆ ಹಿಡ್ಕೊಂಡಿದಾಳಾ? ಪಾಪ ನೀವು." ಫೋನ್ ಕಟ್ಟಾಯಿತು. ಮತ್ತೆ ಮಾಡಿದರೆ ಹೋಗಲಿಲ್ಲ.

ಕಂಡಕ್ಟರಮ್ಮ ಎದ್ದು ಚಪ್ಪಲಿ ಮೆಟ್ಟಿ ಹೊರಟಳು, ಹೋಗಿ ಬರುತ್ತೇನೆ ಎನ್ನಲಿಲ್ಲ.

ಟೈಪಿಸ್ಟ್ ಬಾಗಿಲು ಹಾಕಿಕೊಂಡಳು. ಅಳು ಬರುತ್ತದೆ ಎಂದು ಕಾದಳು. ಬರಲಿಲ್ಲ. 'ಪಾಪ ನೀವು' ಎಂದಿದ್ದಳು ಆ ಹುಡುಗಿ. ತನ್ನನ್ನು ನಂಬಲಿಲ್ಲವಲ್ಲ ಎಂದು ಒಳಗೆಲ್ಲೋ ಹಗುರವೆನಿಸಿತು. ಹಾಗೆ ಅನ್ನಿಸಿದ್ದಕ್ಕೆ ತನ್ನ ಮೇಲೇ ಹೇಸಿಗೆಯಾಯಿತು. ಆದರೂ ಹಗುರ ಹೋಗಲಿಲ್ಲ.