ಬೇಡಮ್ಮನ ಮರುಪ್ರಸಾರ

ಹಲ್ಲಿನ ಆಸ್ಪತ್ರೆಯ ಹೊರಕೋಣೆಯಲ್ಲಿ ಟಿವಿ ಹಾಕಿಸಿದ್ದು, ಒಳಗೆ ಹಲ್ಲು ಕೊರೆಯುವ ಸದ್ದು ಕಾಯುತ್ತ ಕೂತವರ ಕಿವಿಗೆ ಬೀಳದಿರಲಿ ಎಂದು. ಅದರಲ್ಲಿ ಏನು ಬರುತ್ತಿದೆ ಎಂಬುದನ್ನು ಯಾರೂ ಗಮನಿಸುತ್ತಿರಲಿಲ್ಲ. ಕೌಂಟರಿನ ಹಿಂದೆ ಕೂತು ರೋಗಿಗಳ ಸರದಿ ಕೂಗುತ್ತಿದ್ದ ಹೆಂಗಸಂತೂ ಟಿವಿಗೆ ಬೆನ್ನು ಹಾಕಿಕೊಂಡೇ ವರ್ಷಗಟ್ಟಲೆ ಕೆಲಸ ಮಾಡಿದ್ದಳು. ಹಾಗಾಗಿ ಆ ಮಧ್ಯಾಹ್ನ, ಕೆನ್ನೆ ಊದಿಸಿಕೊಂಡು ಕೂತಿದ್ದ ಲಾರಿ ಡ್ರೈವರನೊಬ್ಬ ಒಮ್ಮೆ ಟಿವಿಯನ್ನೂ ಒಮ್ಮೆ ತನ್ನನ್ನೂ ಏಕೆ ನೋಡುತ್ತಿದ್ದಾನೆ ಎಂದು ಅವಳಿಗೆ ಹೊಳೆಯಲಿಲ್ಲ.

ಕೊನೆಗೆ ಅವನೇ ಎದ್ದು ಬಂದ. ಕೆನ್ನೆಯ ಮೇಲಿನ ಕೈ ತೆಗೆಯದೆಯೇ, “ಅಮ್ಮಾ, ಅದು ನೀವೇ ಅಲ್ವಾ?” ಅಂದ.

ಅವಳು ತಿರುಗಿ ನೋಡಿದಳು. ಪರದೆಯ ಮೇಲೆ ನರೆಗೂದಲಿನ ಮುದುಕಿಯೊಬ್ಬಳು ಟೀ ಕಪ್ಪನ್ನು ತುಟಿಯ ಹತ್ತಿರ ಹಿಡಿದು, ಎದುರಿಗೆ ಕೂತ ಹುಡುಗಿಯನ್ನು ಅಡಿಯಿಂದ ಮುಡಿಯವರೆಗೆ ಅಳೆಯುತ್ತಿದ್ದಳು. ಪಕ್ಕದಲ್ಲಿ ಮಗ ಕಂಬದ ಹಾಗೆ ನಿಂತಿದ್ದ. ಮುದುಕಿ ಒಂದು ಗುಟುಕು ಕುಡಿದಳು, ಕಪ್ಪನ್ನು ಕೆಳಗಿಟ್ಟಳು, ಮಗನ ಕಡೆಗೆ ತಿರುಗಿ “ಬೇಡ” ಅಂದಳು. ಯಾರೋ ನಕ್ಕ ಸದ್ದು ಹಿನ್ನೆಲೆಯಲ್ಲಿ ಕೇಳಿಸಿತು. ಕಾಯುತ್ತ ಕೂತವರೂ ನಕ್ಕರು. ಹಲ್ಲು ನೋವಿದ್ದವರು ದವಡೆ ಹಿಡಿದುಕೊಂಡು ನಕ್ಕರು.

“ನಾನೇ,” ಎಂದಳು ಅವಳು. ಅನಂತರ, ಆಡಿದ ಮಾತು ಪೂರ್ತಿಯಾಗಲಿಲ್ಲ ಅನ್ನಿಸಿ, “ಆದ್ರೆ ಅದು ಹಳೇದು,” ಅಂದಳು.

“ಹಳೇದಾ? ನೀವು ಸ್ವಲ್ಪಾನೂ ಬದಲಾಗಿಲ್ಲ ಬಿಡಿ!” ಅಂದ ಡ್ರೈವರ್, ಮೆಚ್ಚುಗೆಯಿಂದ.

ಆ ಧಾರಾವಾಹಿ ಮಾಡಿದಾಗ ಅವಳಿಗೆ ಮೂವತ್ತು ದಾಟಿ ಹೆಚ್ಚು ದಿನವಾಗಿರಲಿಲ್ಲ. ಈಗ ಅರವತ್ತು ದಾಟಿತ್ತು.

ಆಗ ನಟನಾಗಿದ್ದವನು ಅವಳ ಗಂಡ. ನೋಡುವುದಕ್ಕೆ ಲಕ್ಷಣವಾಗಿದ್ದ, ದಟ್ಟ ಕೂದಲಿತ್ತು. ಹೆಣ್ಣು ಹುಡುಕುವ ಮಗನ ಪಾತ್ರ ಸಿಕ್ಕಿತು. ಒಂದೊಂದು ಕಂತಿನಲ್ಲೂ ಅವನು ಒಬ್ಬೊಬ್ಬ ಹುಡುಗಿಯನ್ನು ಮನೆಗೆ ಕರೆತರಬೇಕು, ತಾಯಿ ಏನಾದರೊಂದು ಕೊಂಕು ತೆಗೆದು ಬೇಡವೆನ್ನಬೇಕು. ಕಥೆ ಅಷ್ಟೇ. ತಾಯಿಯ ಪಾತ್ರಕ್ಕೆ ಗೊತ್ತುಮಾಡಿದ್ದ ಹಿರಿಯ ನಟಿ ಚಿತ್ರೀಕರಣದ ಹಿಂದಿನ ದಿನ ಬಚ್ಚಲಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡಳು. ಗಂಡ ಮನೆಯಲ್ಲಿ ಮರೆತುಹೋದ ಶರ್ಟನ್ನು ಕೊಡಲು ಸ್ಟುಡಿಯೋಗೆ ಹೋಗಿದ್ದ ಇವಳನ್ನು ಮ್ಯಾನೇಜರ್ ನೋಡಿದ. ಮದುವೆಗೆ ಮುಂಚೆ ನಾಟಕಗಳಲ್ಲಿ ಸಣ್ಣಪುಟ್ಟ ಪಾತ್ರ ಮಾಡಿದವಳು ಎಂದು ಯಾರೋ ಹೇಳಿದರು. ಮೇಕಪ್ಪಿನವನು ಕೂದಲಿಗೆ ಬಿಳಿ ಬಳಿದು, ಕಂದು ಪೆನ್ಸಿಲಿನಿಂದ ಮುಖದ ತುಂಬ ಸುಕ್ಕು ಎಳೆದ. ಅಂದಿನಿಂದ ಅವಳು ಗಂಡನಿಗೆ ತಾಯಿಯಾದಳು.

ಧಾರಾವಾಹಿ ನೆಲಕಚ್ಚಿತು. ಅದೇ ಹೊತ್ತಿಗೆ ಬೇರೆ ಚಾನೆಲ್‌ನಲ್ಲಿ ಜನ ಮುಗಿಬಿದ್ದು ನೋಡುತ್ತಿದ್ದ ಪಂದ್ಯಾವಳಿಯೊಂದು ಇತ್ತು. ಮುದುಕಿಯ ವೇಷ ವೇಷದ ಹಾಗೆಯೇ ಕಾಣುತ್ತದೆ ಎಂದು ಪತ್ರಿಕೆಯವನೊಬ್ಬ ಬೇರೆ ಬರೆದ. ಅರ್ಧದಲ್ಲೇ ನಿಲ್ಲಿಸಿಬಿಟ್ಟರು. ಗಂಡ ಇನ್ನೂ ಒಂದೆರಡು ವರ್ಷ ಸ್ಟುಡಿಯೋಗಳ ಬಾಗಿಲು ತಟ್ಟಿ, ಕೊನೆಗೆ ಆ ಗೊಡವೆಯೇ ಬೇಡವೆಂದು ಒಂದು ಕಾರು ಕೊಂಡು ಡ್ರೈವಿಂಗ್ ಶಾಲೆ ತೆರೆದ. ನೆಂಟರಿಷ್ಟರು ಕೂತಾಗ ಆ ಸುದ್ದಿ ಬಂದರೆ, “ತಾಯಿ ಪಾತ್ರಕ್ಕೆ ನಿಜವಾದ ಮುದುಕಿ ಸಿಕ್ಕಿದ್ರೆ ನಮ್ಮ ಕಥೇನೇ ಬೇರೆ ಆಗ್ತಿತ್ತು” ಎಂದು ತಮಾಷೆ ಮಾಡುತ್ತಿದ್ದ. ಎಲ್ಲರೂ ನಗುತ್ತಿದ್ದರು. ಅವಳೂ ನಗುತ್ತಿದ್ದಳು. ಎಷ್ಟೋ ವರ್ಷ ಅದೇ ತಮಾಷೆ ನಡೆಯಿತು.

ಈಗ ಹೊಸ ಚಾನೆಲೊಂದು ಮಧ್ಯಾಹ್ನದ ಖಾಲಿ ಹೊತ್ತು ತುಂಬಿಸಲು ಹಳೆಯ ಕಂತುಗಳನ್ನು ಎಲ್ಲಿಂದಲೋ ಎತ್ತಿ ತಂದಿತ್ತು. ಮನೆಯಲ್ಲಿರುವ ಮುದುಕರು ನೋಡಿದರು, ಊಟಕ್ಕೆ ಅಂಗಡಿ ಮುಚ್ಚಿದವರು ನೋಡಿದರು, ಪರೀಕ್ಷೆಗೆ ಓದಬೇಕಾದ ಹುಡುಗಿಯರು ಓದುವುದು ಬಿಟ್ಟು ನೋಡಿದರು. ಒಮ್ಮೆ ಮುಗಿದ ಮೇಲೆ ಮತ್ತೆ ಮೊದಲಿನಿಂದ ಹಾಕಿದರು. ಮೂರನೆಯ ಸಲಕ್ಕೆ ಮುದುಕಿಗೊಂದು ಹೆಸರೂ ಬಂದಿತ್ತು: ಬೇಡಮ್ಮ.

ಬೇಡಮ್ಮ ಹಲ್ಲಿನ ಆಸ್ಪತ್ರೆಯಲ್ಲಿ ಸಿಗುತ್ತಾಳೆ ಎಂಬ ಸುದ್ದಿ ಬೇಗ ಹರಡಿತು. ಹಲ್ಲು ಗಟ್ಟಿಯಾಗಿದ್ದವರೂ ತೋರಿಸಿಕೊಳ್ಳಲು ಬಂದರು. ಹಲ್ಲು ಕೀಳಿಸಿಕೊಂಡವರು ಬಾಯಲ್ಲಿ ಹತ್ತಿ ಕಚ್ಚಿಕೊಂಡು, ಕಂತು ಮುಗಿಯುವ ತನಕ ಕುರ್ಚಿ ಬಿಟ್ಟು ಏಳಲಿಲ್ಲ. “ಇವರಿಗೆ ಜಾಗ ಬಿಡಿ ಅಂತ ಹೇಳೋಕೂ ಆಗಲ್ಲ, ನೀವು ‘ಬೇಡ’ ಅಂತೀರೇನೋ ಅಂತ ಕಾಯ್ತಿರ್ತಾರೆ,” ಎಂದು ಡಾಕ್ಟರಮ್ಮ ನಕ್ಕಳು.

ಗಂಡನಿಗೆ ಮೊದಮೊದಲು ಖುಷಿಯೋ ಖುಷಿ. ದಿನವೂ ಗಡ್ಡ ಬೋಳಿಸಿದ. ತರಕಾರಿಗೆ ಅವಳ ಜೊತೆ ತಾನೇ ಹೊರಟ. ಅಲ್ಲಿ ತರಕಾರಿಯವಳು ಅವಳನ್ನು ಕಂಡದ್ದೇ, “ಅಯ್ಯೋ ತಾಯಿ, ಪಾಪ ಆ ಹುಡುಗನಿಗೆ ಒಂದು ಮದುವೆ ಮಾಡಿ! ಎಷ್ಟು ಗೋಳು ಹುಯ್ಕೊಳ್ತೀರಾ?” ಅಂದಳು.

ಗಂಡ ಚೀಲ ಹಿಡಿದು, ತುಸು ಮುಂದೆ ಬಂದು, ಮುಖವನ್ನು ಬೆಳಕಿಗೆ ಹಿಡಿದು ನಿಂತ.

“ಇವರು ಯಾರು, ನಿಮ್ಮ ಅಣ್ಣನಾ?” ಎಂದಳು ತರಕಾರಿಯವಳು.

ಅವನ ತಲೆ ಪೂರ್ತಿ ಬೋಳಾಗಿತ್ತು, ಹೊಟ್ಟೆ ಮುಂದೆ ಬಂದಿತ್ತು, ತರಕಾರಿಯವಳದೇನೂ ತಪ್ಪಿರಲಿಲ್ಲ. ಮನೆಯವರೆಗೂ ಅವನು ಚೀಲ ಹೊತ್ತು ಅವಳಿಗಿಂತ ಹತ್ತು ಹೆಜ್ಜೆ ಮುಂದೆಯೇ ನಡೆದ. ಮಗಳು ಬಂದಾಗ ಈ ಕಥೆ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು. “ಅಮ್ಮನ ಮಗ ಅಂದ್ರೆ ನನಗೆ ಅಣ್ಣ. ಅಮ್ಮನ ಅಣ್ಣ ಅಂದ್ರೆ ಮಾವ. ಇಷ್ಟು ದಿನ ಸುಮ್ನೆ ಅಪ್ಪ ಅಪ್ಪ ಅಂತಿದ್ನಲ್ಲ!” ಅಂದಳು. ಅಪ್ಪ ನಗಲಿಲ್ಲ. ಎದ್ದು ಕಾರು ಒರೆಸಲು ಹೋದ.

ಅದಾದ ಕೆಲವು ದಿನಕ್ಕೆ ಅವನು ಪಾಠ ಮುಗಿಸಿ ಬಂದವನು ಊಟಕ್ಕೆ ಕೂತು ತಟ್ಟೆಯಲ್ಲಿ ಬೆರಳಾಡಿಸಿದ. ಏನಾಯಿತೆಂದು ಅವಳು ಎರಡು ಸಲ ಕೇಳಿದ ಮೇಲೆ ಬಾಯಿಬಿಟ್ಟ. ಕಾರು ಕಲಿಯಲು ಬರುವ ಹುಡುಗಿ, ಕ್ಲಚ್ಚು ಬಿಡುವುದು ಹೇಗೆಂದು ಕಲಿಯುವ ಬದಲು ಧಾರಾವಾಹಿಯ ಕಥೆ ಹೇಳುತ್ತಿದ್ದಳಂತೆ. “‘ಆ ಮಗ ಅಂತೂ ಮರದ ಹಲಗೆ ಸಾರ್, ಬೇಡಮ್ಮ ಇಲ್ದಿದ್ರೆ ಅದನ್ನ ಯಾರು ನೋಡ್ತಿದ್ರು’ ಅಂದ್ಲು.”

“ನೀವೇನಂದ್ರಿ?”

“ಗೇರ್ ಬದಲಾಯಿಸು ಅಂದೆ.”

ಅವಳಿಗೆ ಅವನ ಮೇಲೆ ಕನಿಕರ ಹುಟ್ಟಿತು. ಅದರ ಕೆಳಗೆ ಇನ್ನೊಂದೇನೋ ಇತ್ತು. ಅದು ಸಂತೋಷವೆಂದು ಗೊತ್ತಾದಾಗ ಅವಳು ನೀರು ತರುವ ನೆಪದಲ್ಲಿ ಎದ್ದು ಒಳಗೆ ಹೋದಳು.

ಚಾನೆಲಿನ ಹುಡುಗ ಬಂದದ್ದು ಆಸ್ಪತ್ರೆಗೇ. ಕಿವಿಯಲ್ಲೊಂದು ಸಣ್ಣ ಯಂತ್ರ ಸಿಕ್ಕಿಸಿಕೊಂಡು, ಅವಳೊಡನೆ ಮಾತಾಡುತ್ತಲೇ ಇನ್ಯಾರಿಗೋ ಉತ್ತರ ಕೊಡುತ್ತಿದ್ದ. ಅದೇ ಧಾರಾವಾಹಿಯ ಹೊಸ ಕಂತುಗಳನ್ನು ಮಾಡಬೇಕೆಂದಿದ್ದರು.

“ನೀವು ಹಾಗೇ ಇದ್ದೀರಲ್ಲ ಮೇಡಮ್, ಅದೇ ನಮ್ಮ ಪುಣ್ಯ. ನಿಮ್ಮ ಮಗನ ಪಾತ್ರ ಮಾಡಿದ್ರಲ್ಲ, ಅವರು ಎಲ್ಲಿದ್ದಾರೆ ಅಂತ ಗೊತ್ತಾ?”

“ನಮ್ಮನೇಲೇ ಇದ್ದಾರೆ.”

“ಓ, ಸಂಪರ್ಕ ಇಟ್ಕೊಂಡಿದ್ದೀರಾ! ಅವರಿಗೆ ಮದುವೆ ಗಿದುವೆ ಆಯ್ತಾ?”

“ಆಗಿದೆ.”

“ಅಬ್ಬ, ಕೊನೆಗೂ! ಯಾರ ಜೊತೆ?”

“ನನ್ನ ಜೊತೆ.”

ಹುಡುಗ ಕಿವಿಯ ಯಂತ್ರ ತೆಗೆದು ಕೈಯಲ್ಲಿ ಹಿಡಿದುಕೊಂಡ.

ಮರುದಿನ ಅವನು ಮನೆಗೆ ಬರುವ ಹೊತ್ತಿಗೆ ಗಂಡ ಹಳೆಯ ಅಳತೆಯ ಶರ್ಟೊಂದನ್ನು ತೊಟ್ಟು, ಗುಂಡಿಗಳು ಎಳೆದಾಡುತ್ತಿದ್ದರೂ ಉಸಿರು ಬಿಗಿಹಿಡಿದು ಕೂತಿದ್ದ. ಹುಡುಗ ಒಳಗೆ ಬಂದು ಅವನನ್ನು ನೋಡಿದ. ಒಂದು ಕ್ಷಣ ಅವನ ಮುಖದಲ್ಲಿ ಏನು ಹಾದುಹೋಯಿತೋ ಅದನ್ನು ಗಂಡ ಹೆಂಡತಿ ಇಬ್ಬರೂ ನೋಡಿದರು. ಅನಂತರ ಅವನು ತುಂಬ ಮರ್ಯಾದೆಯಿಂದ, ಸುತ್ತಿ ಬಳಸಿ, ಮಗನ ಪಾತ್ರಕ್ಕೆ ಬೇರೆ ಹುಡುಗನನ್ನು ಹಾಕಿಕೊಳ್ಳುವುದಾಗಿ ಹೇಳಿದ. ಬೇಡಮ್ಮ ಆಗಿನ ಹಾಗೆಯೇ ಇದ್ದಾರೆ, ಮಗನನ್ನೂ ಆಗಿನ ಹಾಗೆಯೇ ನೋಡಲು ಜನ ಬಯಸುತ್ತಾರೆ ಎಂದ.

“ಇನ್ನೊಂದು ವಿಷಯ. ನೀವಿಬ್ಬರೂ ಗಂಡ ಹೆಂಡತಿ ಅನ್ನೋದು ಸದ್ಯಕ್ಕೆ ಹೊರಗೆ ಗೊತ್ತಾಗದಿದ್ರೆ ಒಳ್ಳೇದು. ನೋಡೋರಿಗೆ ಒಂಥರಾ ಮುಜುಗರ ಆಗ್ಬಹುದು.”

ಗಂಡ ಬಿಗಿಹಿಡಿದ ಉಸಿರನ್ನು ಬಿಟ್ಟ. ಶರ್ಟಿನ ಒಂದು ಗುಂಡಿ ಕಳಚಿಕೊಂಡಿತು.

“ಯಾರಾದ್ರೂ ಕೇಳಿದ್ರೆ ಸುಳ್ಳು ಹೇಳಲ್ಲ,” ಎಂದಳು ಅವಳು. “ನಾನಾಗಿ ಡಂಗುರ ಹೊಡೆಯೋಕೂ ಹೋಗಲ್ಲ. ಮಿಕ್ಕಿದ್ದಕ್ಕೆ ನಾಳೆ ಉತ್ತರ ಹೇಳ್ತೀನಿ.”

ಹುಡುಗ ಹೋದ ಮೇಲೆ ಗಂಡ ಶರ್ಟಿನ ಉಳಿದ ಗುಂಡಿಗಳನ್ನೂ ಬಿಚ್ಚಿದ. ಒಪ್ಪಿಕೊಳ್ಳಬೇಡ ಎಂದು ಅವನು ಹೇಳಲಿ ಎಂದು ಅವಳು ಒಳಗೊಳಗೇ ಕಾದಳು. ಹಾಗೆ ಹೇಳಿದರೆ ಕೋಪ ಮಾಡಿಕೊಳ್ಳಬಹುದಿತ್ತು.

“ನಿನಗೆ ಮಾಡ್ಬೇಕು ಅನ್ಸತ್ತಾ?” ಎಂದು ಅವನು ಕೇಳಿದ.

“ತುಂಬಾ ಅನ್ಸತ್ತೆ ರೀ.” ಅಷ್ಟು ಆಸೆಯನ್ನು ಹೀಗೆ ಬಾಯಿಬಿಟ್ಟು ಹೇಳಿ ಅವಳಿಗೆ ಅಭ್ಯಾಸವಿರಲಿಲ್ಲ. ಕಿವಿ ಬಿಸಿಯಾಯಿತು.

“ಹಾಗಿದ್ರೆ ಮಾಡು. ನಾನು ಕಾರಲ್ಲಿ ಬಿಟ್ಟು ಬರ್ತೀನಿ. ಅಣ್ಣ ಅಂತಾನೇ ಹೇಳು, ನನಗೇನು.”

ಮೇಕಪ್ಪಿನ ಹುಡುಗಿ ದೊಡ್ಡ ಪೆಟ್ಟಿಗೆ ಬಿಚ್ಚಿದಳು. ಹಳೆಯ ಕಂತಿನ ಚಿತ್ರವನ್ನು ಕನ್ನಡಿಯ ಮೂಲೆಗೆ ಸಿಕ್ಕಿಸಿ, ಕುರ್ಚಿಯಲ್ಲಿ ಕೂತವಳನ್ನು ನೋಡಿದಳು, ಚಿತ್ರ ನೋಡಿದಳು, ಮತ್ತೆ ಅವಳನ್ನು ನೋಡಿದಳು. ಪೆನ್ಸಿಲನ್ನು ಹಾಗೆಯೇ ಪೆಟ್ಟಿಗೆಯೊಳಗೆ ಇಟ್ಟಳು. ಮೂಗು ಹೊಳೆಯದಂತೆ ಒಂದಿಷ್ಟು ಪೌಡರ್ ಒತ್ತಿ, “ಆಯ್ತು ಆಂಟಿ,” ಅಂದಳು. ಹಿಂದೆ ಇದಕ್ಕೆ ಬೆಳಗ್ಗೆಯೆಲ್ಲ ಹಿಡಿಯುತ್ತಿತ್ತು. ಆಗಿನ ಮೇಕಪ್ಪಿನವನು ಎಳೆದ ಗೆರೆಗಳಲ್ಲಿ ಒಂದೂ ತಪ್ಪಿರಲಿಲ್ಲ ಎಂಬುದನ್ನು ಅವಳು ಕನ್ನಡಿಯಲ್ಲಿ ಸಮಾಧಾನವಾಗಿಯೇ ನೋಡಿದಳು.

ಕೆಲಸ ಅವಳಿಗೆ ಹಿಡಿಸಿತು. ಯಾವಾಗ ಟೀ ಕಪ್ ಎತ್ತಬೇಕು, ಎಷ್ಟು ಹೊತ್ತು ಸುಮ್ಮನಿರಬೇಕು ಎಂಬುದೆಲ್ಲ ಮೈಗೆ ಮರೆತಿರಲಿಲ್ಲ. ಮಗನಾಗಿ ಬಂದ ಹುಡುಗ ಚುರುಕು. ಅವಳು ಬೇಡವೆಂದರೆ ಹುಬ್ಬು ಹಾರಿಸುತ್ತಿದ್ದ, ಹಣೆ ಚಚ್ಚಿಕೊಳ್ಳುತ್ತಿದ್ದ, ಎದುರು ವಾದಿಸುತ್ತಿದ್ದ, ಒಮ್ಮೆ ಕಣ್ಣೀರೂ ತಂದುಕೊಂಡ. ಸೆಟ್ಟಿನಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು.

ಜನರಿಗೆ ಅದು ರುಚಿಸಲಿಲ್ಲ. ಎರಡು ಮೂರು ವಾರ ಕುತೂಹಲಕ್ಕೆ ನೋಡಿ ಆಮೇಲೆ ಕೈಬಿಟ್ಟರು. ಹೊಸದು ನಿಂತಿತು. ಚಾನೆಲಿನವರು ಅದೇ ಹೊತ್ತಿಗೆ ಹಳೆಯದನ್ನೇ ಮತ್ತೆ ಮೊದಲಿನಿಂದ ಹಾಕಿದರು, ಜನ ಮತ್ತೆ ಬಂದು ಕೂತರು. ಒಂದೇ ಧಾರಾವಾಹಿ ಎರಡು ಸಲ ಅರ್ಧಕ್ಕೆ ನಿಂತದ್ದು ಬೇರೆ ಯಾರಿಗಾದರೂ ಆಗಿದೆಯೋ ಇಲ್ಲವೋ ಎಂದು ಅವಳು ಯೋಚಿಸಿದಳು. ಆಸ್ಪತ್ರೆಗೆ ಮರಳಿ ಹೋದಳು. ಡಾಕ್ಟರಮ್ಮ ಅವಳ ಕುರ್ಚಿಯನ್ನು ಯಾರಿಗೂ ಕೊಟ್ಟಿರಲಿಲ್ಲ.

ಏನು ತಪ್ಪಾಯಿತೆಂದು ಅವಳಿಗೆ ಹೇಳಿದವನು ಗಂಡ. ಅವನಿಗೆ ಹೇಳಿದ್ದು ಆ ಕ್ಲಚ್ಚಿನ ಹುಡುಗಿ. ಪಾಠ ಮುಗಿಸಿ ಬಂದವನು ಚಪ್ಪಲಿ ಬಿಡುವ ಮೊದಲೇ ಶುರುಮಾಡಿದ.

“ಹೊಸ ಮಗ ಬೇಡಮ್ಮನ ಜೊತೆ ಜಗಳಕ್ಕೆ ನಿಲ್ತಾನಂತೆ. ಮಜಾನೇ ಇಲ್ವಂತೆ. ‘ಹಳೇ ಮಗ ಹಲಗೆ ಹಾಗೆ ನಿಂತಿರ್ತಾನಲ್ಲ ಸಾರ್, ಅವನ ಮುಖ ನೋಡಿದ್ರೇನೇ ನಗು ಬರತ್ತೆ, ಆ ಹಲಗೇನೇ ಬೇಕು’ ಅಂದ್ಲು.”

“ಅದು ನೀವೇ ಅಂತ ಹೇಳಿದ್ರಾ?”

“ಹೇಳಿದೆ.”

“ನಂಬಿದ್ಲಾ?”

“ಗಾಡಿ ನಿಲ್ಲಿಸಿ ನನ್ನನ್ನೇ ನೋಡಿದ್ಲು. ಆಮೇಲೆ ‘ಬೇಡಮ್ಮ ನಿಮಗೆ ಏನಾಗ್ಬೇಕು’ ಅಂದ್ಲು. ಅದನ್ನೂ ಹೇಳಿದೆ. ಹಿಂದಿನಿಂದ ಬಂದವರೆಲ್ಲ ಹಾರ್ನ್ ಹೊಡೀತಿದ್ರು.”

ಆ ವಾರದ ರಜೆಯ ದಿನ ಇಬ್ಬರೂ ಮಧ್ಯಾಹ್ನ ಮನೆಯಲ್ಲಿದ್ದರು. ಮರುಪ್ರಸಾರವನ್ನು ಅವರು ಒಟ್ಟಿಗೆ ಕೂತು ನೋಡಿದ್ದು ಅದೇ ಮೊದಲು. ಪರದೆಯ ಮೇಲೆ ದಟ್ಟ ಕೂದಲಿನ ಯುವಕ ಕೈ ಕಟ್ಟಿಕೊಂಡು, ರೆಪ್ಪೆ ಮಿಟುಕಿಸದೆ, ತಾಯಿಯನ್ನು ನೋಡುತ್ತ ನಿಂತಿದ್ದ. ನಿಜಕ್ಕೂ ನಗು ಬರುತ್ತಿತ್ತು. ಅವಳು ಸೆರಗು ಬಾಯಿಗೊತ್ತಿಕೊಂಡು ನಕ್ಕಳು.

“ಹೇಗೆ ಹಾಗೆ ನಿಲ್ತಿದ್ರಿ?” ಎಂದು ಕೇಳಿದಳು. “ನಿರ್ದೇಶಕರು ಹೇಳಿಕೊಟ್ಟಿದ್ರಾ?”

ಅವನು ಟಿವಿಯ ಸದ್ದು ತಗ್ಗಿಸಿದ.

“ಹೇಳಿಕೊಟ್ಟಿದ್ದೆಲ್ಲ ಬೇರೆ. ಹಿಂದಿನ ರಾತ್ರಿ ಪೂರ್ತಿ ಕೂತು ಮಾತು ಕಂಠಪಾಠ ಮಾಡಿರ್ತಿದ್ದೆ. ಕ್ಯಾಮೆರಾ ಶುರು ಆಗ್ತಿದ್ದ ಹಾಗೆ ನೀನು ಮುದುಕಿಯಾಗಿ ಕೂತಿರೋದು ಕಾಣ್ತಿತ್ತು. ಮುಂದೆ ಒಂದಿನ ಹೀಗೇ ಆಗ್ತಾಳಲ್ಲ ಅನ್ನಿಸಿ ಎದೆ ಧಸಕ್ ಅನ್ನೋದು. ಎಲ್ಲಾ ಮರೆತುಹೋಗ್ತಿತ್ತು.”

ಅವಳಿಗೆ ‘ನಿಜವಾದ ಮುದುಕಿ’ಯ ಆ ತಮಾಷೆ, ಇಷ್ಟು ವರ್ಷದ ನೆಂಟರಿಷ್ಟರ ನಗೆಯೆಲ್ಲ ಒಮ್ಮೆ ನೆನಪಾಗಿ, ಹಾಗೆಯೇ ಹೋಯಿತು.

“ಈಗ?” ಎಂದು ಕೇಳಿದಳು.

“ಈಗೇನು, ದಿನಾ ನೋಡ್ತೀನಲ್ಲ. ಅಭ್ಯಾಸ ಆಗಿದೆ.”

ಜಾಹೀರಾತು ಬಂತು. ಅವನು ಎದ್ದು ಅಡುಗೆಮನೆಗೆ ಹೋಗಿ ಒಲೆ ಹಚ್ಚಿದ. ಸಕ್ಕರೆ ಎಲ್ಲಿದೆ ಎಂದು ಅಲ್ಲಿಂದಲೇ ಕೂಗಿದ. ಮೇಲಿನ ಸಾಲಿನಲ್ಲಿ, ಎಡಗಡೆ ಎಂದು ಅವಳು ಹೇಳಿದಳು. ಡಬ್ಬಗಳು ಒಂದಕ್ಕೊಂದು ತಾಗುವ ಸದ್ದು ಬಹಳ ಹೊತ್ತು ಕೇಳಿಸಿತು. ಅವನಿಗೆ ಸಿಗಲಿಲ್ಲವೆಂದು ಗೊತ್ತಾದರೂ ಅವಳು ಏಳಲಿಲ್ಲ. ಕಂತಿನ ಉಳಿದ ಭಾಗ ಶುರುವಾಗುವುದರಲ್ಲಿತ್ತು.