ಹದಿನೇಳನೆಯ ಕೊಳವೆ

"ನಿನ್ನ ಹನ್ನೊಂದು ವರ್ಷದ ವಂಶಾವಳಿ ಒಂದೇ ಪ್ಯಾರಾದಲ್ಲಿ ಮುಗೀತು ನೋಡೇ," ಎಂದು ಗಂಡ ಪರದೆಯನ್ನು ಅವಳತ್ತ ತಿರುಗಿಸಿದ. ಲ್ಯಾಬಿನ ಮುಖ್ಯಸ್ಥನೂ ಅವನೇ. ಪ್ರಬಂಧ ಸಂಜೆ ಐದಕ್ಕೆ ಪತ್ರಿಕೆಗೆ ಹೋಗಬೇಕಿತ್ತು.

ಡಯಾಟಮ್ ಎಂದರೆ ಗಾಜಿನ ಚಿಪ್ಪಿನೊಳಗೆ ಬದುಕುವ ಒಂದೇ ಕೋಶದ ಪಾಚಿ. ದೋಣಿಯಾಕಾರದ ಒಂದು ಜಾತಿಯ ಚಿಪ್ಪಿನ ಗೆರೆಗಳನ್ನು ಎಣಿಸಿ ಎಣಿಸಿ, ಅದು ಯಾವ ಗುಂಪಿನ ದಾಯಾದಿ ಎಂದು ಅವಳು ಹೇಳುತ್ತ ಬಂದಿದ್ದಳು. ಈಗ ಅವನು ಡಿಎನ್‌ಎ ಓದಿ ಬರೆದ ವಂಶವೃಕ್ಷ ಅದನ್ನು ಕಿತ್ತು ಬೇರೆಯೇ ಕೊಂಬೆಗೆ ನೇತುಹಾಕಿತ್ತು. ಕೆಳಗೆ 'ಆಕಾರವನ್ನಷ್ಟೇ ನಂಬಿದ ಹಿಂದಿನ ತಪ್ಪು ವರ್ಗೀಕರಣ' ಎಂಬ ಸಾಲು. ಕಂಸದೊಳಗೆ ಅವಳ ಹೆಸರು.

"ಡಿಎನ್‌ಎ ತೆಗೆದ ಕೊಳವೆ ಯಾವುದು?"

"ಹದಿನೇಳು. ನಿಂದೇ."

"ನೀವೇ ತೆಗೆದಿರಾ?"

"ಯಾಕೆ, ಪಿಪೆಟ್ ಹಿಡಿಯೋಕೂ ನಿನ್ನ ಅಪ್ಪಣೆ ಬೇಕಾ?"

ಅಕ್ಕನ ಆಪರೇಷನ್ನಿಗೆಂದು ಅವಳು ಮೂರು ವಾರ ಊರಲ್ಲಿರಲಿಲ್ಲ. ಕೊಳವೆಗಳಲ್ಲಿ ಬೆಳೆಸಿದ ಕೋಶಗಳನ್ನು ವಾರಕ್ಕೊಮ್ಮೆ ಹೊಸ ನೀರಿಗೆ ದಾಟಿಸಬೇಕೆಂದು ಚೀಟಿ ಅಂಟಿಸಿ ಹೋಗಿದ್ದಳು. ಅದನ್ನು ಅವನು 'ಪಾತ್ರೆ ತೊಳೆಯೋ ಕೆಲಸ' ಎನ್ನುತ್ತಿದ್ದ. ಮನೆಯಲ್ಲಿ ಅದನ್ನೂ ಮಾಡಿದವನಲ್ಲ.

ಅವಳು ಕೊಳವೆಯಿಂದ ಒಂದು ಹನಿ ತೆಗೆದು ಸ್ಲೈಡಿಗಿಟ್ಟು ನೋಡಿದಳು. ನಗು ಬಂತು.

"ಬನ್ನಿ ರೀ, ನೋಡಿ."

ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ಎಷ್ಟು ಕಾಲವಾಗಿತ್ತೋ, ಫೋಕಸಿನ ತಿರುಪು ಅವನ ಕೈಗೆ ಸಿಗಲಿಲ್ಲ. ಅವಳೇ ತಿರುಗಿಸಿಕೊಟ್ಟಳು.

"ಇದೆಯಲ್ಲೇ ನಿನ್ನ ದೋಣಿ! ಕುಣಿಯಲಾರದವಳು ನೆಲ ಡೊಂಕು ಅಂದಳಂತೆ."

"ಒಳಗೆ ಕಂದು ಬಣ್ಣ ಇದೆಯಾ?"

ಅವನು ಇನ್ನಷ್ಟು ಬಗ್ಗಿ ನೋಡಿದ.

"ಖಾಲಿ ಚಿಪ್ಪು ರೀ. ಸತ್ತು ಹೋಗಿದೆ. ಅದರಲ್ಲಿ ಎಲ್ಲಿಯ ಡಿಎನ್‌ಎ? ಸುತ್ತ ಸಣ್ಣವು ಗಿಜಿಗುಡ್ತಿವೆಯಲ್ಲ, ಅವು ಬೇರೆ ಜಾತಿಯ ಪಾಚಿ, ಕಳೆ. ನೀರು ಬದಲಾಯಿಸದೆ ಬಿಟ್ರೆ ತುಂಬ್ಕೊಂಡುಬಿಡ್ತವೆ. ನೀವು ಓದಿರೋದು ಕಳೆಯ ಜಾತಕ."

ಅವನು ಕಣ್ಣು ತೆಗೆಯದೆ, ಮೆಲ್ಲಗೆ, "ಯಾರಿಗೆ ಗೊತ್ತಾಗುತ್ತೆ ಹೇಳು," ಎಂದ. "ಆ ಸಾಲು ತೆಗೆದುಹಾಕ್ತೀನಿ. ನಿನ್ನ ಹೆಸರೂ ಮೇಲೆ ಸೇರಿಸೋಣ ಬಿಡು, ನನ್ನ ಪಕ್ಕದಲ್ಲೇ."

ಇಷ್ಟು ವರ್ಷ ಈ ಮನುಷ್ಯನ ಮುಂದೆ ತಲೆ ತಗ್ಗಿಸಿದ್ದೆನಲ್ಲ ಎಂದು ಅವಳಿಗೆ ಹೇಸಿಗೆಯಾಯಿತು. ಅವನಿಗಿಂತ ಹೆಚ್ಚಾಗಿ ತನ್ನ ಬಗ್ಗೆಯೇ.

"ಐದಕ್ಕೆ ಕಳಿಸಿ," ಎಂದಳು. "ಆರಕ್ಕೆ ಅದೇ ಪತ್ರಿಕೆಗೆ ನಾನೂ ಕಳಿಸ್ತೀನಿ, ಈ ಹನಿಯ ಫೋಟೊ."

ಅವನು ಎದ್ದು ಪರದೆಯ ಬಳಿಗೆ ಹೋದ. ಪ್ರಬಂಧವನ್ನು ಕಳಿಸದೆ ಮುಚ್ಚಿದ. ಕಾಫಿ ಕುಡಿದು ಬರ್ತೀನಿ ಎಂದು ಗೋಡೆಗೆ ಹೇಳಿ ಹೊರಟ.

ಮೈಕ್ರೋಸ್ಕೋಪಿನ ಕಣ್ಣುಗಾಜಿನ ಅಂಚಿಗೆ ಅವನ ಬೆವರು ಅಂಟಿತ್ತು. ಅವಳು ಅದನ್ನು ಒರೆಸಿ, ಒರೆಸಿದ ಕಾಗದವನ್ನು ಬುಟ್ಟಿಗೆಸೆದು ಬಾಗಿದಳು, ಕಳೆಗಳ ನೂಕುನುಗ್ಗಲಿನಲ್ಲಿ ಒಂದಾದರೂ ಜೀವಂತ ದೋಣಿಯನ್ನು ಹುಡುಕುತ್ತ.